ಕಾಗದದ ಗೆರೆ ಗಟ್ಟಿ ವಸ್ತುವಾಗುವುದು ಹೇಗೆ? ರೈಲು ಹಳಿಯ ಉದಾಹರಣೆಯಲ್ಲಿ ತ್ರೀಡಿ ಮಾಡೆಲಿಂಗ್ ಅರ್ಥಮಾಡಿಕೊಳ್ಳಿ

ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್, ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಎರಡೂ ಕಲಬುರಗಿ, ಸೊಲ್ಲಾಪುರ ದಾಟಿ ಪುಣೆ ಜಿಲ್ಲೆಯ ದೌಂಡ ಜಂಕ್ಷನ್ ತಲುಪುತ್ತವೆ. ಅಲ್ಲಿಂದ ಒಂದು ಪುಣೆ ಕಡೆಗೆ, ಇನ್ನೊಂದು ಮನ್ಮಾಡ್ ಕಡೆಗೆ ಹೊರಳುತ್ತದೆ. ಪುಣೆ ಸುತ್ತಲಿನ ಕಾರ್ಖಾನೆಗಳಲ್ಲಿ ಕೆಲಸ ಹುಡುಕಿ ಹೋಗುವ ಉತ್ತರ ಕರ್ನಾಟಕದ ಎಷ್ಟೋ ಐಟಿಐ, ಡಿಪ್ಲೊಮಾ ಹುಡುಗರು ಸಾಗುವುದೂ ಇದೇ ದಾರಿಯಲ್ಲಿ.

ಆ ಕಾರ್ಖಾನೆಗಳ ಡ್ರಾಯಿಂಗ್ ವಿಭಾಗದಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಮೊದಲು ಕೊಡುವ ಕೆಲಸ ಒಂದೇ ರೀತಿಯದು: ಕಾಗದದ ಮೇಲಿರುವ ಅಥವಾ ಹಳೆಯ ಟೂಡಿ ಫೈಲ್‌ನಲ್ಲಿರುವ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಗಟ್ಟಿ ಮಾದರಿಯಾಗಿ, ಅಂದರೆ ಸಾಲಿಡ್ ಮಾಡೆಲ್ ಆಗಿ ಮಾಡಿಕೊಡುವುದು. ಕೇಳಲು ಸುಲಭ. ಆದರೆ ಇಲ್ಲಿ ಒಂದು ಅಂಕಿ ತಪ್ಪಿದರೆ ಮುಂದೆ ಸಿಎನ್‌ಸಿ ಯಂತ್ರ ಅದೇ ತಪ್ಪನ್ನು ಉಕ್ಕಿನಲ್ಲಿ ಕೆತ್ತುತ್ತದೆ. ಈ ಕೆಲಸ ನಡೆಯುವುದು ಹೇಗೆ, ಎಡವುವುದು ಎಲ್ಲಿ ಎಂಬುದನ್ನು ದೌಂಡದಲ್ಲಿ ರೈಲಿನ ಕೆಳಗೇ ಇರುವ ಒಂದು ವಸ್ತುವಿನ ಮೂಲಕ ನೋಡೋಣ. ಅದು ರೈಲು ಹಳಿ.

ಪ್ರೊಫೈಲ್ ಎಂದರೇನು?

ಕಬ್ಬಿನ ಜಲ್ಲೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವುದು ಒಂದು ದುಂಡು ಆಕಾರ. ಹಾಗೆಯೇ ಹಳಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಒಂದು ನಿರ್ದಿಷ್ಟ ಆಕಾರ ಕಾಣುತ್ತದೆ: ಮೇಲೆ ದಪ್ಪನೆಯ ತಲೆ, ನಡುವೆ ತೆಳುವಾದ ಸೊಂಟ, ಕೆಳಗೆ ಅಗಲವಾದ ಪಾದ. ಈ ಅಡ್ಡಕೊಯ್ತದ ಹೊರಗೆರೆಯೇ ಪ್ರೊಫೈಲ್.

ಭಾರತದ ಮುಖ್ಯ ಮಾರ್ಗಗಳಲ್ಲಿ ಬಳಸುವ 60 ಕೆ.ಜಿ. ಹಳಿಯ ಎತ್ತರ 172 ಮಿ.ಮೀ., ಪಾದದ ಅಗಲ 150 ಮಿ.ಮೀ., ಸೊಂಟದ ದಪ್ಪ 16.5 ಮಿ.ಮೀ. ತಲೆಯ ಮೇಲ್ಭಾಗ ಚಪ್ಪಟೆಯಲ್ಲ. 300, 80 ಮತ್ತು 13 ಮಿ.ಮೀ. ತ್ರಿಜ್ಯದ ಕಮಾನುಗಳು ಒಂದರಿಂದ ಇನ್ನೊಂದಕ್ಕೆ ನಯವಾಗಿ ಹರಿದು ಆ ಮೇಲ್ಮೈ ಆಗುತ್ತದೆ. ಒಂದು ಹಳಿ ಎಷ್ಟೇ ಉದ್ದವಿದ್ದರೂ ಅದರ ಆಕಾರದ ಅಷ್ಟೂ ವಿವರ ಈ ಒಂದು ಚಪ್ಪಟೆ ಚಿತ್ರದಲ್ಲೇ ಅಡಗಿದೆ. ಉಳಿದಿದ್ದು ಉದ್ದ ಮಾತ್ರ.

'ಪ್ಯಾರಾಮೆಟ್ರಿಕ್' ಎಂಬುದರ ಅರ್ಥ

ಸಾಮಾನ್ಯ ಟೂಡಿ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಗೆರೆ ಎಂದರೆ ಗೆರೆ ಅಷ್ಟೇ. ಅದನ್ನು ಎಳೆದ ಜಾಗದಲ್ಲಿ ಅದು ಇರುತ್ತದೆ. ಅಳತೆ ಬದಲಾದರೆ ಅಳಿಸಿ ಮತ್ತೆ ಎಳೆಯಬೇಕು. ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ಇಲ್ಲಿ ಅಳತೆಯೇ ಯಜಮಾನ, ಗೆರೆ ಅದು ಹೇಳಿದಂತೆ ಕೇಳುತ್ತದೆ. ಪಾದದ ಅಗಲ 150 ಎಂದಿರುವಲ್ಲಿ 136 ಎಂದು ಬರೆದರೆ ಗೆರೆ ತಾನಾಗಿ ಕುಗ್ಗುತ್ತದೆ, ಅದರಿಂದ ಹುಟ್ಟಿದ ಗಟ್ಟಿ ಮಾದರಿಯೂ ಕುಗ್ಗುತ್ತದೆ.

ಅಳತೆಯ ಜೊತೆಗೆ ಸಂಬಂಧಗಳನ್ನೂ ಹೇಳಬೇಕಾಗುತ್ತದೆ. ಈ ಗೆರೆ ಅಡ್ಡ, ಆ ಗೆರೆ ಲಂಬ, ಈ ಎರಡು ಸಮಾನಾಂತರ, ಈ ಕಮಾನು ಆ ಗೆರೆಯನ್ನು ಸ್ಪರ್ಶಿಸುತ್ತದೆ, ಎಡ ಬಲ ಎರಡೂ ಸಮ ಎಂಬ ಷರತ್ತುಗಳಿಗೆ ಕನ್‌ಸ್ಟ್ರೈಂಟ್ ಎನ್ನುತ್ತಾರೆ.

ಒಂದು ಸರಳ ಆಯತದಿಂದ ಇದು ಸ್ಪಷ್ಟವಾಗುತ್ತದೆ. ನಾಲ್ಕು ಬಿಡಿ ಗೆರೆ ಎಳೆದರೆ ಎಂಟು ತುದಿಗಳು. ಪ್ರತಿ ತುದಿಯೂ ಅಡ್ಡಕ್ಕೆ, ಮೇಲಕ್ಕೆ ಹೀಗೆ ಎರಡು ರೀತಿ ಸರಿಯಬಲ್ಲದು. ಅಂದರೆ ಒಟ್ಟು 16 ಸ್ವಾತಂತ್ರ್ಯ. ನಾಲ್ಕು ಮೂಲೆಗಳಲ್ಲಿ ತುದಿಗಳನ್ನು ಕೂಡಿಸಿದರೆ 8 ಹೋಗುತ್ತದೆ. ಎರಡು ಗೆರೆ ಅಡ್ಡ, ಎರಡು ಲಂಬ ಎಂದರೆ ಇನ್ನು 4 ಹೋಗುತ್ತದೆ. ಉದ್ದ, ಅಗಲ ಕೊಟ್ಟರೆ 2 ಹೋಗುತ್ತದೆ. ಕೊನೆಗೆ ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಉಳಿದ 2 ಸಹ ಮುಗಿದು ಲೆಕ್ಕ ಸೊನ್ನೆಗೆ ಬರುತ್ತದೆ. ಈಗ ಆ ಆಯತ ಯಾರು ಮೌಸ್ ಹಿಡಿದು ಎಳೆದರೂ ಅಲುಗುವುದಿಲ್ಲ. ಇದೇ ಪೂರ್ತಿ ಕಟ್ಟಿದ ಸ್ಕೆಚ್. ಫ್ರೀಕ್ಯಾಡ್‌ನಲ್ಲಿ ಇಂಥ ಸ್ಕೆಚ್ ಹಸಿರಾಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆಗಳು ಕಪ್ಪಾಗುತ್ತವೆ.

ಚಪ್ಪಟೆ ಚಿತ್ರ ಗಟ್ಟಿಯಾಗಲು ನಾಲ್ಕು ದಾರಿ

ಸಾಫ್ಟ್‌ವೇರ್ ಯಾವುದೇ ಇರಲಿ, ಮೂಲ ವಿಧಾನಗಳು ನಾಲ್ಕೇ. ಇವೆಲ್ಲ ನಮ್ಮ ಅಡುಗೆಮನೆಯಲ್ಲೂ ಊರಲ್ಲೂ ಈಗಾಗಲೇ ಇವೆ.

1. ಎಕ್ಸ್‌ಟ್ರೂಡ್: ಶ್ಯಾವಿಗೆ ಒರಳಿನ ಬಿಲ್ಲೆಯಲ್ಲಿ ಯಾವ ಆಕಾರದ ತೂತು ಇದೆಯೋ ಅದೇ ಆಕಾರದ ಎಳೆ ನೇರವಾಗಿ ಹೊರಬರುತ್ತದೆ. ಚಿತ್ರವನ್ನು ಒಂದೇ ದಿಕ್ಕಿನಲ್ಲಿ ನೇರವಾಗಿ ಎಳೆಯುವುದೇ ಎಕ್ಸ್‌ಟ್ರೂಡ್. ನೇರ ಹಳಿ ಇದಕ್ಕೆ ತಕ್ಕ ಉದಾಹರಣೆ. ನಿಜವಾದ ಹಳಿಯನ್ನು ಕಾರ್ಖಾನೆಯಲ್ಲಿ ಕಾದ ಉಕ್ಕನ್ನು ರೋಲರ್‌ಗಳ ನಡುವೆ ಹಾಯಿಸಿ ತಯಾರಿಸುತ್ತಾರೆ. ವಿಧಾನ ಬೇರೆಯಾದರೂ ಫಲಿತಾಂಶ ಒಂದೇ, ಉದ್ದಕ್ಕೂ ಬದಲಾಗದ ಅಡ್ಡಕೊಯ್ತ.

2. ರಿವಾಲ್ವ್: ಕುಂಬಾರನ ತಿಗರಿ ತಿರುಗುವಾಗ ಅವನ ಬೆರಳು ಹಿಡಿದ ಗೆರೆಯೇ ಮಡಕೆಯ ಸುತ್ತಲಿನ ಆಕಾರವಾಗುತ್ತದೆ. ಹಾಗೆಯೇ ಅರ್ಧ ಚಿತ್ರವನ್ನು ಒಂದು ಅಕ್ಷದ ಸುತ್ತ 360 ಡಿಗ್ರಿ ತಿರುಗಿಸಿದರೆ ಗಟ್ಟಿ ವಸ್ತು ಸಿಗುತ್ತದೆ. ರೈಲಿನ ಚಕ್ರ ಹೀಗೆ ಮೂಡುತ್ತದೆ.

3. ಸ್ವೀಪ್: ನಕ್ಷತ್ರದ ತೂತಿನಿಂದ ಬರುವ ಹಿಟ್ಟು ಸುರುಳಿಯಾಗಿ ಸುತ್ತಿದರೆ ಚಕ್ಕುಲಿ. ಅಡ್ಡಕೊಯ್ತ ಅದೇ, ದಾರಿ ಮಾತ್ರ ವಕ್ರ. ತಿರುವಿನ ಹಳಿಗೆ ಬೇಕಾಗುವುದು ಇದು.

4. ಲಾಫ್ಟ್: ಒಂದು ತುದಿಯಲ್ಲಿ ಒಂದು ಆಕಾರ, ಇನ್ನೊಂದು ತುದಿಯಲ್ಲಿ ಮತ್ತೊಂದು. ನಡುವಿನ ಭಾಗವನ್ನು ಸಾಫ್ಟ್‌ವೇರ್ ಹೊಂದಿಸುತ್ತದೆ. ಚೌಕದ ಬಾಯಿಯಿಂದ ಶುರುವಾಗಿ ದುಂಡು ಕೊಳವೆಯಾಗಿ ಮುಗಿಯುವ ಆಲಿಕೆ ಇದಕ್ಕೆ ಉದಾಹರಣೆ.

ಹೆಸರುಗಳು ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಬದಲಾಗುತ್ತವೆ. ಎಕ್ಸ್‌ಟ್ರೂಡ್ ಅನ್ನು ಫ್ರೀಕ್ಯಾಡ್ ಮತ್ತು ಕಟಿಯಾ ಎರಡೂ 'ಪ್ಯಾಡ್' ಎನ್ನುತ್ತವೆ. ಕಟಿಯಾದಲ್ಲಿ ರಿವಾಲ್ವ್ ಎಂಬುದು 'ಶಾಫ್ಟ್', ಸ್ವೀಪ್ ಎಂಬುದು 'ರಿಬ್'. ತತ್ವ ಗೊತ್ತಿದ್ದವರಿಗೆ ಹೆಸರು ಬದಲಾದರೆ ತೊಂದರೆಯಿಲ್ಲ. ಬಟನ್ ಮಾತ್ರ ಬಾಯಿಪಾಠ ಮಾಡಿದವರು ಹೊಸ ಕಂಪನಿಗೆ ಹೋದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹಳಿಯ ಮಾದರಿ: ಹಂತ ಹಂತವಾಗಿ

* ಮೊದಲು ಮಿಲಿಮೀಟರ್ ಆಯ್ಕೆ ಮಾಡಿಕೊಳ್ಳಿ. ಹಳಿಯ ತಲೆಯಿಂದ ಪಾದದವರೆಗೆ ನಡುವೆ ಒಂದು ಲಂಬ ಗೆರೆ ಎಳೆಯಿರಿ. ಹಳಿ ಎಡ ಬಲ ಸಮ ಇರುವುದರಿಂದ ಇದೇ ನಡುಗೆರೆ. ಇದು ಸಹಾಯಕ ಗೆರೆ ಮಾತ್ರ, ಪ್ರೊಫೈಲ್‌ನ ಭಾಗವಲ್ಲ.

* ಅರ್ಧ ಭಾಗವನ್ನಷ್ಟೇ ಬಿಡಿಸಿ. ಆರಂಭದಲ್ಲಿ ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ, ಆಕಾರ ಹತ್ತಿರವಿದ್ದರೆ ಸಾಕು.

* ಸಂಬಂಧಗಳನ್ನು ಮೊದಲು ಕೊಡಿ, ಅಳತೆಯನ್ನು ಆಮೇಲೆ. ಪಾದದ ತಳ ಅಡ್ಡ, ಕಮಾನುಗಳು ಪರಸ್ಪರ ಸ್ಪರ್ಶಿಸಬೇಕು ಎಂಬ ಷರತ್ತುಗಳು ಕೂತ ಮೇಲೆ ಅಳತೆ ಕೊಟ್ಟರೆ ಚಿತ್ರ ತಿರುಚಿಕೊಳ್ಳುವುದಿಲ್ಲ.

* ಎತ್ತರ 172, ಪಾದ 150, ಸೊಂಟ 16.5 ಹೀಗೆ ಮುಖ್ಯ ಅಳತೆಗಳನ್ನು ಕೊಡಿ. ಅರ್ಧ ಚಿತ್ರವಾದ್ದರಿಂದ ನಡುಗೆರೆಯಿಂದ ಪಾದದ ಅಂಚಿಗೆ 75 ಮಿ.ಮೀ. ಇರಬೇಕು.

* ನಡುಗೆರೆಯ ಆಚೆಗೆ ಪ್ರತಿಬಿಂಬ ಮಾಡಿ. ಹೊರಗೆರೆ ಎಲ್ಲೂ ಬಿಟ್ಟುಹೋಗದೆ ಒಂದೇ ಸುತ್ತಾಗಿ ಮುಚ್ಚಿಕೊಂಡಿದೆಯೇ ನೋಡಿ.

* ಸ್ವಾತಂತ್ರ್ಯದ ಲೆಕ್ಕ ಸೊನ್ನೆಗೆ ಬಂದ ಮೇಲೆ 1,000 ಮಿ.ಮೀ. ಎಕ್ಸ್‌ಟ್ರೂಡ್ ಮಾಡಿ. ಒಂದು ಮೀಟರ್ ಹಳಿ ಸಿದ್ಧ.

ತೂಕವೇ ಪರೀಕ್ಷೆ

ಮಾದರಿ ಸರಿಯಿದೆ ಎಂದು ನೋಟದಿಂದ ಹೇಳಲಾಗದು. ಆದರೆ ಹಳಿಯ ವಿಚಾರದಲ್ಲಿ ಒಂದು ಸುಲಭ ಪರೀಕ್ಷೆ ಹೆಸರಿನಲ್ಲೇ ಇದೆ. '60 ಕೆ.ಜಿ. ಹಳಿ' ಎಂದರೆ ಪ್ರತಿ ಮೀಟರ್‌ಗೆ ಸುಮಾರು 60 ಕೆ.ಜಿ. ತೂಗುವ ಹಳಿ ಎಂದರ್ಥ.

ಈ ಹಳಿಯ ಅಡ್ಡಕೊಯ್ತದ ವಿಸ್ತೀರ್ಣ 76.70 ಚದರ ಸೆಂ.ಮೀ. ಒಂದು ಮೀಟರ್ ಅಂದರೆ 100 ಸೆಂ.ಮೀ. ಎಳೆದರೆ ಗಾತ್ರ 7,670 ಘನ ಸೆಂ.ಮೀ. ಉಕ್ಕು ಪ್ರತಿ ಘನ ಸೆಂ.ಮೀ.ಗೆ 7.85 ಗ್ರಾಂ ತೂಗುತ್ತದೆ. ಗುಣಿಸಿದರೆ 60.21 ಕೆ.ಜಿ. ಸಾಫ್ಟ್‌ವೇರ್‌ನ ಮಾಸ್ ಪ್ರಾಪರ್ಟಿ ಸಹ ಇಷ್ಟನ್ನೇ ತೋರಿಸಬೇಕು. 58 ಅಥವಾ 63 ತೋರಿಸಿದರೆ ಎಲ್ಲೋ ಒಂದು ಅಳತೆ ತಪ್ಪಿದೆ, ಅಥವಾ ವಸ್ತುವನ್ನು ಉಕ್ಕು ಎಂದು ನಮೂದಿಸಿಲ್ಲ.

ತಪ್ಪು ಎಷ್ಟು ಸಣ್ಣದಿದ್ದರೂ ಉದ್ದ ಅದನ್ನು ದೊಡ್ಡದು ಮಾಡುತ್ತದೆ. ಸೊಂಟದ ದಪ್ಪ 16.5ರ ಬದಲು 15.5 ಎಂದು ಬಿದ್ದಿತೆನ್ನಿ. ಪರದೆಯ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ. ಸೊಂಟದ ಎತ್ತರ ಸುಮಾರು 90 ಮಿ.ಮೀ. ಇರುವುದರಿಂದ ಮೀಟರ್‌ಗೆ ಸುಮಾರು 0.7 ಕೆ.ಜಿ. ಕಡಿಮೆಯಾಗುತ್ತದೆ. ಎರಡು ಹಳಿ ಇರುವ ಒಂದು ಕಿಲೋಮೀಟರ್ ಮಾರ್ಗಕ್ಕೆ ಲೆಕ್ಕ ಹಾಕಿದರೆ ವ್ಯತ್ಯಾಸ 1.4 ಟನ್! ಅಂದಾಜು ಪಟ್ಟಿ, ಸಾಗಣೆ, ಖರೀದಿ ಎಲ್ಲದರಲ್ಲೂ ಇದು ನುಸುಳುತ್ತದೆ. ಭಿಲಾಯಿ ಉಕ್ಕು ಕಾರ್ಖಾನೆ ರೈಲ್ವೆಗೆ ಕೊಡುವ ಹಳಿ ಬೆಸುಗೆಯ ನಂತರ 260 ಮೀಟರ್ ಉದ್ದವಿರುತ್ತದೆ. 60 ಕೆ.ಜಿ. ವರ್ಗದಲ್ಲಿ ಅಂಥ ಒಂದೇ ತುಂಡು 15.6 ಟನ್ ತೂಗುತ್ತದೆ.

52ರಿಂದ 60ಕ್ಕೆ: ನಿಜವಾದ ಲಾಭ ಇಲ್ಲಿದೆ

ಭಾರತದಲ್ಲಿ 52 ಕೆ.ಜಿ. ಹಳಿಯೂ ಬಳಕೆಯಲ್ಲಿದೆ. ಅದರ ಎತ್ತರ 156, ಪಾದ 136, ತಲೆ 67, ಸೊಂಟ 15.5 ಮಿ.ಮೀ. ಅಡ್ಡಕೊಯ್ತ 66.15 ಚದರ ಸೆಂ.ಮೀ. ಎರಡೂ ಹಳಿಗಳ ರಚನೆ ಒಂದೇ ಬಗೆಯದು, ಬದಲಾಗುವುದು ಅಂಕಿಗಳು.

ಟೂಡಿ ಚಿತ್ರ ಮಾತ್ರ ಇದ್ದವರು 60 ಕೆ.ಜಿ. ಹಳಿಗಾಗಿ ಇನ್ನೊಂದು ಚಿತ್ರ ಬಿಡಿಸಬೇಕು. ಪ್ಯಾರಾಮೆಟ್ರಿಕ್ ಮಾದರಿ ಇದ್ದವರು ಒಂದು ಕೋಷ್ಟಕ ಇಟ್ಟುಕೊಂಡು ಅಂಕಿಗಳನ್ನು ಬದಲಿಸಿದರೆ ಸಾಕು. ಎರಡು ಹಳಿಗಳ ತುದಿ ಜೋಡಿಸುವ ಫಿಶ್‌ಪ್ಲೇಟ್ ಹಳಿಯ ತಲೆಯ ಕೆಳಭಾಗಕ್ಕೂ ಪಾದದ ಮೇಲ್ಭಾಗಕ್ಕೂ ಒತ್ತಿ ಕೂರುತ್ತದೆ. 52ರ ಫಿಶ್‌ಪ್ಲೇಟ್ 60ಕ್ಕೆ ಹೊಂದುವುದಿಲ್ಲ. ಆದರೆ ಫಿಶ್‌ಪ್ಲೇಟ್‌ನ ಸ್ಕೆಚ್ ಅನ್ನು ಹಳಿಯ ಅಳತೆಗಳಿಗೇ ಕಟ್ಟಿದ್ದರೆ ಹಳಿ ಬದಲಾದಾಗ ಅದೂ ಜೊತೆಗೇ ಬದಲಾಗುತ್ತದೆ. ಕಾರ್ಖಾನೆಗಳು ಇಂಥ ಸಾಫ್ಟ್‌ವೇರ್‌ಗೆ ಹಣ ಹಾಕುವುದು ಚಂದದ ಚಿತ್ರಕ್ಕಾಗಿ ಅಲ್ಲ, ಈ ಬದಲಾವಣೆಯ ಸುಲಭಕ್ಕಾಗಿ.

ದೌಂಡದ ತಿರುವು ಕಲಿಸುವ ಪಾಠ

ಪುಣೆ–ಸೊಲ್ಲಾಪುರ ಮಾರ್ಗ 1859–60ರಲ್ಲಿ ಬಂತು. ದೌಂಡ–ಮನ್ಮಾಡ್ ಮಾರ್ಗ ಸೇರಿಕೊಂಡಿದ್ದು 1878ರಲ್ಲಿ. ಎರಡು ಮಾರ್ಗ ಕೂಡುವ ರೀತಿಯಿಂದಾಗಿ ಪುಣೆಯಿಂದ ಬಂದು ಮನ್ಮಾಡ್ ಕಡೆಗೆ ಹೋಗುವ ರೈಲುಗಳು ಜಂಕ್ಷನ್‌ನಲ್ಲಿ ನಿಂತು, ಎಂಜಿನ್ ಕಳಚಿ ಇನ್ನೊಂದು ತುದಿಗೆ ಜೋಡಿಸಿಕೊಂಡು ಹಿಮ್ಮುಖವಾಗಿ ಹೊರಡಬೇಕಿತ್ತು. ಇದನ್ನು ತಪ್ಪಿಸಲು ಎರಡೂ ಮಾರ್ಗಗಳನ್ನು ನೇರ ಸೇರಿಸುವ ತಿರುವು, ಅಂದರೆ ಕಾರ್ಡ್ ಲೈನ್ ಹಾಕಲಾಗಿದೆ.

ಇಂಥ ತಿರುವಿನ ಹಳಿಯನ್ನು ಎಕ್ಸ್‌ಟ್ರೂಡ್ ಮಾಡಲಾಗದು, ಸ್ವೀಪ್ ಬೇಕು. ಹಳಿಯ ಪ್ರೊಫೈಲ್ ಒಂದು ಸ್ಕೆಚ್, ತಿರುವಿನ ದಾರಿ ಇನ್ನೊಂದು ಸ್ಕೆಚ್. ಭಾರತೀಯ ರೈಲ್ವೆಯಲ್ಲಿ ಒಂದು ಡಿಗ್ರಿ ತಿರುವು ಎಂದರೆ 1,750 ಮೀ. ತ್ರಿಜ್ಯ, ಎರಡು ಡಿಗ್ರಿ ಎಂದರೆ 875 ಮೀ. ದಾರಿಯ ತ್ರಿಜ್ಯವನ್ನು ಒಂದು ಅಂಕಿಯಾಗಿ ಇಟ್ಟರೆ ತಿರುವನ್ನು ಬಿಗಿ ಅಥವಾ ಸಡಿಲ ಮಾಡುವುದು ಕ್ಷಣದ ಕೆಲಸ.

ಬ್ರಾಡ್‌ಗೇಜ್‌ನಲ್ಲಿ ಹಳಿಗಳ ಒಳ ಅಂಚುಗಳ ನಡುವಿನ ಅಂತರ 1,676 ಮಿ.ಮೀ. ತಲೆಯ ಅಗಲವನ್ನೂ ಸೇರಿಸಿದರೆ ಹಳಿಯ ನಡುವಿನಿಂದ ನಡುವಿಗೆ ಸುಮಾರು 1.75 ಮೀ. ಈ ಕಾರಣಕ್ಕೆ ಮಾರ್ಗ 90 ಡಿಗ್ರಿ ತಿರುಗಿದರೆ ಹೊರ ಹಳಿ ಒಳ ಹಳಿಗಿಂತ ಸುಮಾರು 2.75 ಮೀ. ಉದ್ದವಾಗುತ್ತದೆ. ತ್ರಿಜ್ಯ ಎಷ್ಟೇ ಇರಲಿ, ಈ ವ್ಯತ್ಯಾಸ ಅಷ್ಟೇ. ಸ್ವೀಪ್ ಮಾಡಿದ ಮಾದರಿಯಲ್ಲಿ ಎರಡೂ ಹಳಿಗಳ ಉದ್ದ ಅಳೆದರೆ ಇದು ಕಾಣಬೇಕು. ಕಾಣದಿದ್ದರೆ ಒಂದು ಹಳಿಯ ದಾರಿಯನ್ನೇ ಇನ್ನೊಂದಕ್ಕೂ ನಕಲು ಮಾಡಲಾಗಿದೆ ಎಂದರ್ಥ.

ಯಲಹಂಕದ ಚಕ್ರ: ಅರ್ಧ ಚಿತ್ರ ಸಾಕು

ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆ ಭಾರತೀಯ ರೈಲ್ವೆಗೆ ಎರಕದ ಚಕ್ರ ಮತ್ತು ಆಕ್ಸೆಲ್ ಮಾಡಿಕೊಡುತ್ತದೆ. ಪ್ರಯಾಣಿಕರ ಬೋಗಿಯ ಹೊಸ ಚಕ್ರದ ವ್ಯಾಸ 915 ಮಿ.ಮೀ.

ಚಕ್ರದ ಮಾದರಿಗೆ ಅಕ್ಷದ ಒಂದು ಬದಿಯ ಅಡ್ಡಕೊಯ್ತ ಮಾತ್ರ ಬಿಡಿಸಬೇಕು. ಹೊರ ಅಂಚು ಅಕ್ಷದಿಂದ 457.5 ಮಿ.ಮೀ. ದೂರದಲ್ಲಿರಬೇಕು. ಇಲ್ಲಿ ಹೊಸಬರು ಮಾಡುವ ತಪ್ಪು 915 ಎಂದೇ ಬರೆದುಬಿಡುವುದು. ಆಗ ಚಕ್ರ 1,830 ಮಿ.ಮೀ. ಆಗಿ ಹಳಿಗಳ ನಡುವಿನ ಅಂತರಕ್ಕಿಂತಲೂ ದೊಡ್ಡದಾಗುತ್ತದೆ. ಇನ್ನೊಂದು ತಪ್ಪು, ಅಕ್ಷದ ಎರಡೂ ಬದಿ ಚಿತ್ರ ಬಿಡಿಸುವುದು. ತಿರುಗಿಸಿದಾಗ ವಸ್ತು ತನ್ನ ಮೇಲೆ ತಾನೇ ಬೀಳುವುದರಿಂದ ಸಾಫ್ಟ್‌ವೇರ್ ನಿರಾಕರಿಸುತ್ತದೆ. ಆಕ್ಸೆಲ್ ತೂರುವ ರಂಧ್ರಕ್ಕೆ ಬೇರೆ ಕೆಲಸ ಬೇಕಿಲ್ಲ. ಪ್ರೊಫೈಲ್ ಅಕ್ಷದಿಂದ ದೂರದಲ್ಲೇ ಶುರುವಾದರೆ ರಂಧ್ರ ತಾನಾಗಿ ಉಳಿಯುತ್ತದೆ.

ಚಕ್ರದ ಹಳಿ ಮುಟ್ಟುವ ಮೇಲ್ಮೈ ಹೊರಗಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ತಿರುವಿನಲ್ಲಿ ಚಕ್ರಜೋಡಿ ಹೊರಗೆ ಸರಿದಾಗ ಹೊರ ಚಕ್ರ ದೊಡ್ಡ ವ್ಯಾಸದ ಮೇಲೆ, ಒಳ ಚಕ್ರ ಸಣ್ಣ ವ್ಯಾಸದ ಮೇಲೆ ಉರುಳುತ್ತದೆ. ಹೊರ ಹಳಿಯ ಹೆಚ್ಚಿನ ಉದ್ದವನ್ನು ಸರಿದೂಗಿಸಲು ಇದು ನೆರವಾಗುತ್ತದೆ. ಪ್ರೊಫೈಲ್‌ನಲ್ಲಿ ಈ ಗೆರೆಯನ್ನು 'ನೋಡಲು ನೇರವಾಗಿದೆ' ಎಂದು ಅಡ್ಡ ಗೆರೆ ಮಾಡಿದರೆ ಮಾದರಿ ಚಂದ ಕಾಣಬಹುದು, ಆದರೆ ಅದು ರೈಲಿನ ಚಕ್ರ ಆಗಿರುವುದಿಲ್ಲ.

ಎರಕದ ಅಚ್ಚಿಗೆ ಇನ್ನೊಂದು ಹೆಜ್ಜೆ ಇದೆ. ಯಲಹಂಕದಲ್ಲಿ ಚಕ್ರಗಳನ್ನು ಗ್ರಾಫೈಟ್ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನ ಮಾದರಿ ಮಾಡಬೇಕೆಂದರೆ ಗಟ್ಟಿ ಬ್ಲಾಕ್‌ನಿಂದ ಚಕ್ರದ ಆಕಾರವನ್ನು ಕಳೆಯಬೇಕು. ಎರಕದ ಉಕ್ಕು ತಣಿದಾಗ ಸಾಮಾನ್ಯವಾಗಿ ಶೇ 2ರಷ್ಟು ಕುಗ್ಗುತ್ತದೆ. ಹಾಗಾಗಿ ಅಚ್ಚು ಅಷ್ಟು ದೊಡ್ಡದಿರಬೇಕು. ಪ್ಯಾರಾಮೆಟ್ರಿಕ್ ಮಾದರಿಯಲ್ಲಿ ಇದೂ ಒಂದು ಅಂಕಿ ಅಷ್ಟೇ.

ಹಳೆಯ ಟೂಡಿ ಫೈಲ್ ತಂದಾಗ ಕೈಕೊಡುವುದು ಎಲ್ಲಿ?

ಡಿಎಕ್ಸ್‌ಎಫ್ ಫೈಲ್ ತೆರೆದು ಎಕ್ಸ್‌ಟ್ರೂಡ್ ಒತ್ತಿದಾಗ ಏನೂ ಆಗದಿರುವುದು ಈ ಕೆಲಸದಲ್ಲಿ ದಿನನಿತ್ಯದ ತಲೆನೋವು. ಕಾರಣಗಳು ಹೆಚ್ಚಾಗಿ ಇವೇ:

* ಬಿರುಕು: ಎರಡು ಗೆರೆಗಳ ತುದಿ ಕೂಡಿದಂತೆ ಕಾಣುತ್ತದೆ, ಆದರೆ ನಡುವೆ ಕೂದಲೆಳೆಯಷ್ಟು ಅಂತರ ಇರುತ್ತದೆ. ಒಡೆದ ಕೊಡದಲ್ಲಿ ನೀರು ನಿಲ್ಲದ ಹಾಗೆ ಮುಚ್ಚದ ಪ್ರೊಫೈಲ್‌ನಲ್ಲಿ ಗಟ್ಟಿ ವಸ್ತು ನಿಲ್ಲದು. ತುದಿಗಳನ್ನು ಕೂಡಿಸಿ.

* ಗೆರೆಯ ಮೇಲೆ ಗೆರೆ: ಒಂದೇ ಜಾಗದಲ್ಲಿ ಎರಡು ಗೆರೆ. ಕಣ್ಣಿಗೆ ಒಂದೇ ಕಾಣುತ್ತದೆ. ಹೆಚ್ಚಿನದನ್ನು ಅಳಿಸಿ.

* ಅಡ್ಡಹಾಯುವಿಕೆ: ಹೊರಗೆರೆ ತನ್ನನ್ನೇ ದಾಟುವುದು. ಯಾವುದು ಒಳಗೆ, ಯಾವುದು ಹೊರಗೆ ಎಂದು ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ.

* ಅಳತೆಯ ಮಾನ: ಮಿ.ಮೀ. ಚಿತ್ರವನ್ನು ಇಂಚು ಎಂದು ಓದಿಸಿದರೆ ಎಲ್ಲವೂ 25.4 ಪಟ್ಟು ಹಿಗ್ಗುತ್ತದೆ. 172 ಮಿ.ಮೀ. ಹಳಿ 4.37 ಮೀ. ಎತ್ತರವಾಗುತ್ತದೆ! ತಂದ ತಕ್ಷಣ ಗೊತ್ತಿರುವ ಒಂದು ಅಳತೆಯನ್ನು ಪರೀಕ್ಷಿಸಿ.

* ಬರೀ ಗೆರೆ: ಟೂಡಿ ಫೈಲ್‌ನಿಂದ ಗೆರೆಗಳು ಬರುತ್ತವೆ, ಸಂಬಂಧಗಳು ಸಾಮಾನ್ಯವಾಗಿ ಬರುವುದಿಲ್ಲ. ಕನ್‌ಸ್ಟ್ರೈಂಟ್ ಕೊಡದೆ ಎಕ್ಸ್‌ಟ್ರೂಡ್ ಮಾಡಿದರೆ ಮಾದರಿ ಸಿಗುತ್ತದೆ, ಆದರೆ ಅದು ಪ್ಯಾರಾಮೆಟ್ರಿಕ್ ಆಗಿರುವುದಿಲ್ಲ.

ಸ್ಕ್ಯಾನ್ ಮಾಡಿದ ಕಾಗದದ ಚಿತ್ರವಿದ್ದರೆ ಅದನ್ನು ಹಿನ್ನೆಲೆಯಲ್ಲಿಟ್ಟು ಅದರ ಮೇಲೆ ಬಿಡಿಸಬಹುದು. ಆದರೆ ಕಾಗದವನ್ನು ಅಳೆದು ಅಂಕಿ ತೆಗೆಯಬಾರದು. ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ, ಜೆರಾಕ್ಸ್‌ನಲ್ಲಿ ಓರೆಯಾಗುತ್ತದೆ. ಬರೆದಿರುವ ಅಳತೆಯೇ ಪ್ರಮಾಣ.

ಈ ತಂತ್ರಜ್ಞಾನ ಎಲ್ಲಿಂದ ಬಂತು?

ಗೆರೆಗಳಿಗೆ ಷರತ್ತು ಹಾಕುವ ಕಲ್ಪನೆ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ಮಂಡಿಸಿದ ಸ್ಕೆಚ್‌ಪ್ಯಾಡ್‌ನಲ್ಲೇ ಅದಿತ್ತು. 1980ರ ದಶಕದ ಕೊನೆಯಲ್ಲಿ ಪಿಟಿಸಿ ಕಂಪನಿಯ ಪ್ರೊ ಎಂಜಿನಿಯರ್ ಇದನ್ನು ಕಾರ್ಖಾನೆಗಳಿಗೆ ತಂದಿತು. 1995ರಲ್ಲಿ ಬಂದ ಸಾಲಿಡ್‌ವರ್ಕ್ಸ್ ಸಾಮಾನ್ಯ ವಿಂಡೋಸ್ ಕಂಪ್ಯೂಟರ್‌ನಲ್ಲೂ ಇದು ಸಾಧ್ಯ ಎಂದು ತೋರಿಸಿತು.

ಹಣ ಕೊಡಲಾಗದವರಿಗೆ ಫ್ರೀಕ್ಯಾಡ್ ಇದೆ. ಇದು ಸಂಪೂರ್ಣ ಉಚಿತ. ಸ್ಕೆಚ್ ಬದಲಿಸಿದಾಗ ವಸ್ತುವಿನ ಮುಖಗಳ ಕ್ರಮಸಂಖ್ಯೆ ಬದಲಾಗಿ, ಒಂದು ಮುಖದ ಮೇಲೆ ಕೊರೆದ ರಂಧ್ರ ಇನ್ನೊಂದು ಮುಖಕ್ಕೆ ಹಾರುವ ಹಳೆಯ ಸಮಸ್ಯೆ ಇದರಲ್ಲಿ ಬಹಳ ಕಾಲ ಕಾಡಿತ್ತು. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿ ಅದನ್ನು ಬಹುಮಟ್ಟಿಗೆ ಬಗೆಹರಿಸಿದೆ.

ಕಲಿಯುವವರು ಏನು ಮಾಡಬೇಕು?

ಐಟಿಐಗಳಲ್ಲಿ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎರಡು ವರ್ಷದ ಕೋರ್ಸ್. ರಾಜ್ಯದ ಜಿಟಿಟಿಸಿ ಕೇಂದ್ರಗಳಲ್ಲೂ ಕ್ಯಾಡ್ ತರಬೇತಿ ಸಿಗುತ್ತದೆ. ಕರ್ನಾಟಕದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಗಿತ್ತು.

ಆದರೆ ಪ್ರಮಾಣಪತ್ರಕ್ಕಿಂತ ಒಂದು ಅಭ್ಯಾಸ ಹೆಚ್ಚು ನೆರವಾಗುತ್ತದೆ. ಸುತ್ತಲಿನ ಯಾವುದೇ ವಸ್ತು ಕಂಡಾಗ ಇದರ ಪ್ರೊಫೈಲ್ ಯಾವುದು, ಇದು ಎಳೆದದ್ದೋ, ತಿರುಗಿಸಿದ್ದೋ, ದಾರಿ ಹಿಡಿದು ಸಾಗಿದ್ದೋ ಎಂದು ಕೇಳಿಕೊಳ್ಳುವುದು. ಕಿಟಕಿಯ ಅಲ್ಯೂಮಿನಿಯಂ ಪಟ್ಟಿ, ಸ್ಟೀಲ್ ಲೋಟ, ಸೈಕಲ್ ಹ್ಯಾಂಡಲ್ ಎಲ್ಲವೂ ಪಾಠವೇ. ಒಂದು ವಸ್ತುವನ್ನು ನಿಜವಾಗಿ ಅಳೆದು, ಮಾದರಿ ಮಾಡಿ, ಸಾಫ್ಟ್‌ವೇರ್ ತೋರಿಸುವ ತೂಕವನ್ನು ಅಂಗಡಿಯ ತಕ್ಕಡಿಯ ತೂಕಕ್ಕೆ ಹೋಲಿಸಿ ನೋಡಿ. ಎರಡೂ ಹೊಂದಿದರೆ ನಿಮ್ಮ ಮಾದರಿ ಬಹುತೇಕ ಸರಿಯಿದೆ. ಹೊಂದದಿದ್ದರೆ ತಪ್ಪು ಹುಡುಕಲು ಅದೇ ಒಳ್ಳೆಯ ಸಮಯ. ಕಂಪ್ಯೂಟರ್‌ನಲ್ಲಿ ತಿದ್ದಲು ಒಂದು ಅಂಕಿ ಸಾಕು, ಉಕ್ಕು ಕತ್ತರಿಸಿದ ಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ.